ನೀರಿನಂಥ ಮದ್ಯ

ಯೊಶಿನೊ,
ಜನವರಿ ೨೮, ೨೦೧೪

ಕುನಿ,

ಈ ಪೆಟ್ಟಿಗೆಯನ್ನು ಮನೆಯೊಳಗೆ ಬಿಚ್ಚಬೇಡ, ಪ್ರಯೋಗಾಲಯದಲ್ಲೇ ಬಿಚ್ಚು. ನೀನು ಕೇಳಿದ ಹಾಗೆ ನಮ್ಮ ಹಿಂದಿನ ಗುಡ್ಡದ ಸುಗಿ ಮರಗಳ ಗಂಡು ಹೂವು ಇದರಲ್ಲಿದೆ, ಇನ್ನೂ ಬಿರಿಯದ್ದು. ಮೊರಿಯೊ ತಾತ ಏಣಿ ಹಾಕಿಕೊಂಡು ತಾವೇ ಕೊಯ್ದರು. "ಆ ಹುಡ್ಗ ಈ ಪರಾಗಕ್ಕೆ ಹೆದ್ರಿ ಹೊಕ್ಕಾಯ್ಡೊವರೆಗೂ ಓಡೋದ. ಈಗ ಅದನ್ನೇ ಪಾರ್ಸೆಲ್ ಮಾಡಿಸ್ಕೋತಾನಂತೆ! ಹೆಂಡ್ತೀನ ತವರಿಗೆ ಕಳಿಸಿ ಫೋಟೊ ನೋಡ್ತಾ ಕೂತ್ಕೊಂಡ ಹಾಗಾಯ್ತು" ಎಂದು ಇಡೀ ಅಂಗಳಕ್ಕೆ ಕೇಳುವಂತೆ ನಕ್ಕರು. ಎಪ್ಪತ್ತು ದಾಟಿದ ಮೇಲೆ ಏಣಿ ಹತ್ತಬೇಡಿ ಎಂದರೆ ನನ್ನ ಮಾತು ಕೇಳುವುದಿಲ್ಲ. ಅಪ್ಪನ ಕೈಕೆಳಗೆ ತೊಟ್ಟಿ ಕಲಸುತ್ತಿದ್ದಾಗ ಅಪ್ಪನ ಮಾತನ್ನೂ ಕೇಳಿದವರಲ್ಲ.

ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಈ ಚಳಿಗಾಲದ ನಮ್ಮ ಮೊದಲ ಅಕ್ಕಿ ಮದ್ಯದ ಬಾಟಲಿ ಇದೆ. ಡಿಸೆಂಬರಿನಲ್ಲಿ ಹುದುಗಿದ ಅಕ್ಕಿಯಿಂದ ಹಿಂಡಿದ್ದು. ಚೆನ್ನಾಗಿ ಬಂದಿದೆ, ಕಳಿತ ಕರ್ಬೂಜ ಹಣ್ಣಿನ ವಾಸನೆ. ನೀನು ಕುಡಿಯುವುದಿಲ್ಲ, ಗೊತ್ತು. ಕುಡಿಯುವವರಿಗೆ ಕೊಡು.

ಈಗ ನನ್ನ ಕೆಲಸದ ಮಾತು. ದೊಡ್ಡ ತೊಟ್ಟಿಯ ಮದ್ಯ ಮಾರ್ಚಿ ಮೊದಲ ವಾರಕ್ಕೆ ಹದಕ್ಕೆ ಬರುತ್ತದೆ. ಸುಗಿ ಪರಾಗ ಹಾರುವುದೂ ಆಗಲೇ. ಯಾವ ದಿನ ಹಿಂಡಬೇಕು, ಯಾವುದನ್ನು ಬೇರೆ ಇಡಬೇಕು ಎಂದು ಹೇಳಬೇಕಾದ ಮೂಗು ಆಗಲೇ ಕಟ್ಟಿಕೊಂಡು ಕೂರುತ್ತದೆ. "ಬಾಯಿ ಮುಲಾಜು ನೋಡುತ್ತೆ, ಮೂಗು ನೋಡಲ್ಲ" ಎನ್ನುತ್ತಿದ್ದರು ಅಪ್ಪ. ಅವರು ಹೋದ ಮೇಲೆ ಒಸಾಕಾದ ಅಂಗಡಿಯವರು ನಮ್ಮ ಬಾಟಲಿ ಇಟ್ಟುಕೊಂಡಿರುವುದು ಮಗಳಿಗೂ ಅದೇ ಮೂಗು ಬಂದಿದೆ ಎಂಬ ನಂಬಿಕೆಯ ಮೇಲೆ. ಮೂಗು ಹೋದರೆ ನನ್ನ ಹತ್ತಿರ ಬೇರೆ ಬಂಡವಾಳವಿಲ್ಲ.

ಪರಾಗ ಹಿಡಿಯುವ ಇಂಗಾಲ ಮಾಡುತ್ತಿದ್ದೇನೆ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೀಯ. ಮಾಸ್ಕ್ ನನಗೆ ಬೇಡ. ಮೂತಿ ಮುಚ್ಚಿಕೊಂಡು ಮದ್ಯ ಮೂಸುವುದು ಹೇಗೆ? ಮೂಗಿನೊಳಗೆ ಹಾಕಿಕೊಳ್ಳುವಂಥದ್ದು ಏನಾದರೂ ಇದ್ದರೆ ಕಳಿಸು.

ಅಕ್ಕ ಚಿಗುಸಾ


ಸಪ್ಪೊರೊ,
ಫೆಬ್ರವರಿ ೯, ೨೦೧೪

ಅಕ್ಕ,

ಪೆಟ್ಟಿಗೆ ಬಂತು. ಹೇಳಿದ ಹಾಗೆ ಪ್ರಯೋಗಾಲಯದಲ್ಲೇ, ಕೈಗವಸು ತೊಟ್ಟು, ಗಾಜಿನ ಗೂಡಿನೊಳಗೆ ಇಟ್ಟು ಬಿಚ್ಚಿದೆ. ಆದರೂ ಸಂಜೆವರೆಗೆ ಸೀನಿದೆ. ಹೊರಗೆ ಮೊಳಕಾಲುದ್ದ ಹಿಮ, ಊರಿನಲ್ಲಿ ಸುಗಿ ಮರದ ಸುಳಿವಿಲ್ಲ, ನಾನೊಬ್ಬ ಮಾತ್ರ ಕೆಂಪು ಕಣ್ಣು ಮಾಡಿಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಅಜ್ಜಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಬೆನ್ನು ಸವರಿದರು. ಬೇಡ ಅನ್ನಲು ಬಾಯಿ ಬರಲಿಲ್ಲ.

ನೀನು ಕೇಳಿದ್ದನ್ನು ಕಳಿಸಲಾರೆ. ಯಾಕೆಂದು ಹೇಳುತ್ತೇನೆ, ಬೈಯಬೇಡ. ನಮ್ಮ ಇಂಗಾಲ ನೀನು ಕಂಡ ಇದ್ದಿಲಿನಂಥದ್ದಲ್ಲ. ಅರವತ್ತು ಪರಮಾಣುಗಳು ಸೇರಿ ಫುಟ್‌ಬಾಲಿನ ಹಾಗೆ ಆದ ಟೊಳ್ಳು ಚೆಂಡು. ಇದ್ದಿಲು ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ, ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಅದಕ್ಕೇ ಅಲ್ಲವೇ ಅಪ್ಪ ಅದನ್ನು ಮದ್ಯದ ಹತ್ತಿರ ಸೇರಿಸದಿದ್ದದ್ದು? ಬೇರೆ ಮನೆಗಳವರು ಕೆಟ್ಟ ವಾಸನೆ ತೆಗೆಯಲು ಇದ್ದಿಲ ಪುಡಿ ಸುರಿಯುತ್ತಿದ್ದರೆ "ಇದ್ದಿಲು ಹಾಕೋನು ತನ್ ಮೂಗನ್ನ ನಂಬದೋನು" ಎಂದು ಮುಖ ತಿರುಗಿಸುತ್ತಿದ್ದರು. ನಾವು ಈ ಚೆಂಡಿಗೆ ಸುತ್ತಲೂ ಸಣ್ಣ ಕೈಗಳನ್ನು ಜೋಡಿಸುತ್ತೇವೆ. ಸುಗಿ ಪರಾಗ ಒದ್ದೆಯಾದಾಗ ಒಡೆದು ಅದರಿಂದ ಒಂದು ಪ್ರೋಟೀನು ಹೊರಬರುತ್ತದೆ, ನಮ್ಮನ್ನು ಸೀನಿಸುವುದು ಅದೇ. ಆ ಕೈಗಳು ಅದೊಂದನ್ನು ಮಾತ್ರ ಹಿಡಿಯಬೇಕು.

ಗಾಜಿನ ತಟ್ಟೆಯಲ್ಲಿ ಹಿಡಿಯುತ್ತವೆ. ಬಟ್ಟೆಗೆ ಬಳಿದರೂ ಹಿಡಿಯುತ್ತವೆ. ಮೂಗಿನ ಕಥೆಯೇ ಬೇರೆ. ಅಲ್ಲಿನ ಲೋಳೆಯಲ್ಲಿ ನೂರು ಬಗೆಯ ಪ್ರೋಟೀನುಗಳಿವೆ, ಬಸ್ಸಿನ ಸೀಟಿನ ಹಾಗೆ ಮೊದಲು ಬಂದವರು ಕೂತುಬಿಡುತ್ತಾರೆ. ಇಲಿಗಳ ಮೇಲೆ ಈಗಷ್ಟೇ ಶುರುಮಾಡಿದ್ದೇವೆ. ಮನುಷ್ಯರ ಮಾತು ಇನ್ನೂ ದೂರ. ಅದಕ್ಕೇ ಬಟ್ಟೆಯ ಮಾಸ್ಕುಗಳನ್ನೇ ಕಳಿಸುತ್ತಿದ್ದೇನೆ. ಗುಡ್ಡದ ಕಡೆ ಹೋಗುವಾಗಲಾದರೂ ಹಾಕಿಕೋ.

ಒಂದು ಸಂತೋಷದ ಸುದ್ದಿ. ನಿನ್ನ ಬಾಟಲಿಯನ್ನು ನಮ್ಮ ಪ್ರಯೋಗಾಲಯದ ಹಿರಿಯರಾದ ಇಗಾರಾಶಿಯವರಿಗೆ ಕೊಟ್ಟೆ. ಅವರು ಕುಡಿಯುವುದರಲ್ಲಿ ಪಂಡಿತರು. ಮರುದಿನ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ನಿಮ್ಮಕ್ಕನ ಕೈಗೆ ನಮಸ್ಕಾರ ಕಣಯ್ಯಾ. ನೀರಿನ ಹಾಗಿದೆ, ನೀರಿನ ಹಾಗೆ! ಗಂಟಲಲ್ಲಿ ಇಳಿದದ್ದೇ ತಿಳಿಯಲಿಲ್ಲ" ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಬರುವುದಿಲ್ಲವಂತೆ. ಅಪ್ಪ ಇದ್ದಿದ್ದರೆ ಹಿಗ್ಗುತ್ತಿದ್ದರು.

ಕುನಿಹಿಕೊ


ಯೊಶಿನೊ,
ಫೆಬ್ರವರಿ ೨೩, ೨೦೧೪

ಕುನಿ,

ಮಾಸ್ಕು ಬಂದವು. ಮೊರಿಯೊ ತಾತ ಒಂದನ್ನು ಹಾಕಿಕೊಂಡು ಕನ್ನಡಿ ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ತಾಯಿ" ಎಂದು ತೆಗೆದಿಟ್ಟರು.

ನಿಮ್ಮ ಇಗಾರಾಶಿಯವರು ನೀರಿನ ಹಾಗಿದೆ ಎಂದದ್ದು ಯಾವುದರ ಬಗ್ಗೆ? ಗಂಟಲಲ್ಲಿ ಇಳಿದ ಬಗ್ಗೆಯೋ, ವಾಸನೆಯ ಬಗ್ಗೆಯೋ? ಬೇರೆ ಏನಾದರೂ ಹೇಳಿದರೇ? ಹಣ್ಣಿನ ಮಾತು ಬಂತೇ? ಅವರನ್ನೇ ಕೇಳಿ ಬರೆ. ಬಾಟಲಿ ಮುಗಿದಿದ್ದರೆ ಬೇಡ ಬಿಡು.

ಗುಡ್ಡ ಆಗಲೇ ಕೆಂಪಗಾಗಿದೆ. ಹೂವಿನ ಭಾರಕ್ಕೆ ಸುಗಿ ಕೊಂಬೆಗಳು ಬಾಗಿವೆ. ನಿನ್ನೆ ಗಾಳಿ ಬೀಸಿದಾಗ ಮರಗಳಿಂದ ಹೊಗೆಯ ಹಾಗೆ ಎದ್ದು ಇಡೀ ಕಣಿವೆ ಹಳದಿಯಾಯಿತು. ಅಂಚೆಯವನು ಸೀನುತ್ತಲೇ ಬಂದು ಸೀನುತ್ತಲೇ ಹೋದ. ಒಸಾಕಾದ ಅಂಗಡಿಯವರು ಈ ಸಲ ಬರೆದಿದ್ದಾರೆ, ಹೋದ ವರ್ಷದ್ದು "ಬಹಳ ಸ್ವಚ್ಛವಾಗಿತ್ತು" ಎಂದು. ಅಪ್ಪನ ಕಾಲದಲ್ಲಿ ಆ ಮನುಷ್ಯ ಒಂದು ಪುಟ ತುಂಬ ಬರೆಯುತ್ತಿದ್ದ. ಈಗ ಎರಡೇ ಪದ.

ಕುನಿ, ನಾನು ನಿನ್ನ ಹತ್ತಿರ ಯಾವತ್ತೂ ಏನೂ ಕೇಳಿದವಳಲ್ಲ. ಇಲಿಗೆ ಹಾಕುವುದನ್ನು ನನಗೂ ಹಾಕು. ಇಲಿಗಿಂತ ನನಗೆ ಅವಸರವಿದೆ. ಬಸ್ಸಿನ ಸೀಟು ಯಾರಿಗಾದರೂ ಸಿಗಲಿ, ನನಗೆ ನಿಂತುಕೊಂಡು ಹೋದರೂ ಸಾಕು. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿನಗೆ ಗೊತ್ತಾಗಬೇಕು.

ಅಕ್ಕ


ಸಪ್ಪೊರೊ,
ಮಾರ್ಚಿ ೧, ೨೦೧೪

ಅಕ್ಕ,

ಬೆಣ್ಣೆ ಬಿಸ್ಕತ್ತಿನ ಡಬ್ಬದ ತಳದಲ್ಲಿ, ಕಾಗದದ ಕೆಳಗೆ ಒಂದು ಶೀಶೆ ಇದೆ. ಬೆಳಗ್ಗೆ ಒಂದೊಂದು ಹೊಳ್ಳೆಗೆ ಒಂದೇ ಹನಿ. ಉರಿದರೆ ತಕ್ಷಣ ಉಪ್ಪುನೀರಿನಲ್ಲಿ ತೊಳೆದುಬಿಡು. ಯಾರಿಗೂ ಹೇಳಬೇಡ. ಇಲ್ಲಿ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಇಗಾರಾಶಿಯವರ ಮುಖ ನೋಡಿ ಮಾತಾಡಲು ಆಗುತ್ತಿಲ್ಲ, ಬಾಟಲಿಯ ಮಾತನ್ನೂ ಕೇಳಲಿಲ್ಲ.

ಇದು ಕೆಲಸ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ನೀನು ಕೇಳಿದೆ, ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಅಷ್ಟೇ. ಹೇಗಿದೆ ಎಂದು ಕೂಡಲೇ ಬರೆ.

ಕುನಿ


ಸಪ್ಪೊರೊ,
ಏಪ್ರಿಲ್ ೨೦, ೨೦೧೪

ಅಕ್ಕ,

ಉತ್ತರವೇ ಇಲ್ಲವಲ್ಲ. ಫೋನು ಮಾಡಿದರೆ ಪ್ರತಿ ಸಲ ಮೊರಿಯೊ ತಾತ ಎತ್ತಿಕೊಂಡು, "ತಾಯಿ ತೊಟ್ಟಿ ಹತ್ರ ಅವ್ರೆ, ತಾಯಿ ಅಕ್ಕಿ ಹತ್ರ ಅವ್ರೆ" ಅನ್ನುತ್ತಾರೆ. ನಿನ್ನೆ ಕೇಳಿದಾಗ, "ತಾಯಿ ಅವ್ರೆ, ಆದ್ರೆ ಇಲ್ಲ" ಅಂದರು. ಏನಿದರ ಅರ್ಥ? ದೊಡ್ಡ ತೊಟ್ಟಿ ಹೇಗೆ ಬಂತು? ಮೂಗು ಬಿಟ್ಟಿತೇ? ಒಂದು ಸಾಲು ಬರೆದರೂ ಸಾಕು.

ಕುನಿ


ಯೊಶಿನೊ,
ಮೇ ೩, ೨೦೧೪

ಕುನಿ,

ಕೆಲಸದ ಗಡಿಬಿಡಿ, ತಪ್ಪು ತಿಳಿಯಬೇಡ. ನಿನ್ನ ಶೀಶೆಯಿಂದ ಉಪಯೋಗವಾಯಿತು. ಸುರಿಯುವುದು ನಿಂತಿತು, ಕಣ್ಣಿನ ತುರಿಕೆಯೂ ಕಡಿಮೆ. ವಾಸನೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಈ ವರ್ಷ ಪರಾಗ ವಿಪರೀತ, ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಮಳೆ ಬಿದ್ದರೆ ಸರಿಹೋಗುತ್ತದೆ.

ದೊಡ್ಡ ತೊಟ್ಟಿ ಹಿಂಡಿ ಆಯಿತು. ಬಾಟಲಿಗೂ ತುಂಬಿದ್ದಾಯಿತು. ಬಿಸ್ಕತ್ತು ಚೆನ್ನಾಗಿತ್ತು. ಮೊರಿಯೊ ತಾತ ಚಹಾದಲ್ಲಿ ಅದ್ದಿ ತಿಂದರು, ಅವರ ಕಪ್ಪು ಬೆರಳಿನ ಗುರುತು ಪ್ರತಿ ಬಿಸ್ಕತ್ತಿನ ಮೇಲೂ ಇತ್ತು. ಕೈ ತೊಳೆಯಿರಿ ಎಂದರೆ "ತೊಳೆದ್ರೆ ಹೋಗಲ್ಲ ಇದು" ಎಂದರು.

ಪತ್ರ ಬರೆಯುತ್ತಿರು. ಫೋನು ಬೇಡ. ಫೋನಿನಲ್ಲಿ ನೀನು ಹೇಗಿದ್ದೀ ಅನ್ನುವುದು, ನಾನು ಹ್ಞೂಂ ಅನ್ನುವುದು, ಆಮೇಲೆ ಇಬ್ಬರೂ ಸುಮ್ಮನಿರುವುದು. ಅದಕ್ಕಿಂತ ಇದೇ ಮೇಲು.

ಅಕ್ಕ


ಸಪ್ಪೊರೊ,
ಜುಲೈ ೧೪, ೨೦೧೪

ಅಕ್ಕ,

ಸುಗಿ ಪರಾಗ ಏಪ್ರಿಲ್ಲಿಗೆ ಮುಗಿಯುತ್ತದೆ. ಅದರ ಹಿಂದೆ ಬರುವ ಹಿನೊಕಿ ಮರದ್ದು ಮೇ ತಿಂಗಳಿಗೆ. ಮಳೆಗಾಲವೂ ಮುಗಿಯುತ್ತ ಬಂತು. ಈಗಲಾದರೂ ವಾಸನೆ ಬಂದಿದೆಯೇ? ಹೌದು ಅಥವಾ ಇಲ್ಲ ಎಂದು ಬರೆ. ಶೀಶೆಯಲ್ಲಿ ಏನಾದರೂ ಉಳಿದಿದ್ದರೆ ಹಾಕಿಕೊಳ್ಳಬೇಡ. ನೆಲದಲ್ಲಿ ಹೂತುಬಿಡು.

ಯಾಕೆಂದು ಈಗ ಕೇಳಬೇಡ.

ಕುನಿ


ಯೊಶಿನೊ,
ಆಗಸ್ಟ್ ೨, ೨೦೧೪

ಕುನಿ,

ಗದ್ದೆಯಲ್ಲಿ ಭತ್ತ ಹೂ ಬಿಟ್ಟಿದೆ. ಈಗ ಅದರ ಪರಾಗ. ನನಗೆ ಎಲ್ಲದರ ಮೇಲೂ ಅಲರ್ಜಿ ಶುರುವಾಗಿರಬೇಕು, ವಯಸ್ಸಾಯಿತಲ್ಲ. ಇಲ್ಲಿ ಸೆಖೆ ತಡೆಯಲಾಗುತ್ತಿಲ್ಲ. ಮೊರಿಯೊ ತಾತ ಕಾಲುಗಳನ್ನು ಬಕೆಟ್ ನೀರಿನಲ್ಲಿ ಇಟ್ಟುಕೊಂಡು ರೇಡಿಯೊ ಕೇಳುತ್ತಾರೆ. ಅಪ್ಪನ ಸಮಾಧಿಗೆ ಹೋಗಿ ನೀರು ಹಾಕಿ ಬಂದೆ. ನಿನ್ನ ಹೆಸರಿನಲ್ಲೂ ಒಂದು ಊದುಬತ್ತಿ ಹಚ್ಚಿದೆ.

ಶೀಶೆಯನ್ನು ಹೂತಿದ್ದೇನೆ. ನೀನು ಊಟ ಸರಿಯಾಗಿ ಮಾಡುತ್ತಿದ್ದೀಯೋ ಇಲ್ಲವೋ.

ಅಕ್ಕ


ಸಪ್ಪೊರೊ,
ಸೆಪ್ಟೆಂಬರ್ ೧೦, ೨೦೧೪

ಅಕ್ಕ,

ಭತ್ತದ ಪರಾಗ ಎಂದು ನನಗೇ ಹೇಳುತ್ತೀಯಾ? ಇಪ್ಪತ್ತು ವರ್ಷದಿಂದ ನಾನು ಇನ್ನೇನು ಕೆಲಸ ಮಾಡುತ್ತಿದ್ದೇನೆ? ನೀನು ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ. ಇನ್ನು ಬೇಡ. ನಾನೇ ಹೇಳಿಬಿಡುತ್ತೇನೆ.

ಇಲಿಯ ಪಂಜರದಲ್ಲಿ ಹಾಸಿದ ಹೊಟ್ಟಿನಡಿ ನಾವು ಒಂದು ತುಂಡು ತಿನಿಸು ಹೂತಿಡುತ್ತೇವೆ. ಮೂಗು ಚೆನ್ನಾಗಿರುವ ಇಲಿ ಕೂಡಲೇ ಕೆದಕಿ ತೆಗೆಯುತ್ತದೆ. ನಮ್ಮ ದ್ರವ ಹಾಕಿದ ಇಲಿಗಳಲ್ಲಿ ಸೀನು ಕಡಿಮೆಯಾಯಿತು, ಎಲ್ಲರೂ ಸಂತೋಷಪಟ್ಟೆವು. ಜೂನ್ ತಿಂಗಳಲ್ಲಿ ಈ ಪರೀಕ್ಷೆ ಮಾಡಿದೆವು. ಅವುಗಳಲ್ಲಿ ಕೆಲವು ತಿನಿಸಿನ ಮೇಲೆಯೇ ಕೂತು, ಹಸಿದುಕೊಂಡು, ಮೀಸೆ ಒರೆಸಿಕೊಳ್ಳುತ್ತಿದ್ದವು. ಅವುಗಳ ಹೊಟ್ಟೆಯ ಕೆಳಗೇ ತಿನಿಸಿತ್ತು. ಇಗಾರಾಶಿಯವರು, "ಇರಲಿ ಬಿಡಯ್ಯಾ, ಕೆಲವು ಇಲಿ ಹುಟ್ಟಾ ಸೋಮಾರಿ. ಇನ್ನೊಂದ್ಸಲ ನೋಡೋಣ" ಎಂದರು. ನಾನು ನಿನ್ನ ಮೇ ತಿಂಗಳ ಪತ್ರ ತೆಗೆದು ಮತ್ತೆ ಓದಿದೆ.

ನಿನ್ನ ಮೂಗನ್ನು ಕೊಂದವನು ನಾನು. ಒಂದನ್ನೇ ಹಿಡಿಯುತ್ತದೆ ಎಂದು ಜಂಬದಿಂದ ಬರೆದಿದ್ದೆ. ಅದು ಇನ್ನೇನನ್ನು ಹಿಡಿದುಕೊಂಡು ಕೂತಿದೆಯೋ ನನಗೇ ಗೊತ್ತಿಲ್ಲ. ಹೇಗೆ ಬಿಡಿಸುವುದು ಎಂದೂ ಗೊತ್ತಿಲ್ಲ. ತಿಂಗಳ ಕೊನೆಗೆ ಇಗಾರಾಶಿಯವರಿಗೆ ಎಲ್ಲ ಹೇಳಿ ಕೆಲಸ ಬಿಡುತ್ತೇನೆ. ನೀನು ನಾರಾದ ದೊಡ್ಡ ಆಸ್ಪತ್ರೆಗೆ ಹೋಗು. ಏನು ಹಾಕಿಕೊಂಡೆ ಎಂದು ಕೇಳಿದರೆ ಈ ಪತ್ರವನ್ನೇ ತೋರಿಸು, ನನ್ನ ಹೆಸರು ಮುಚ್ಚಬೇಡ.

ಕುನಿ


ಯೊಶಿನೊ,
ಸೆಪ್ಟೆಂಬರ್ ೧೫, ೨೦೧೪

ಕುನಿ,

ಕೆಲಸ ಬಿಡಬೇಡ. ಯಾರಿಗೂ ಏನೂ ಹೇಳಬೇಡ. ಮೊದಲು ಇದನ್ನು ಪೂರ್ತಿ ಓದು.

ಹೋದ ವರ್ಷ ಜನವರಿಯಲ್ಲಿ, ನೀನು ಶೀಶೆ ಕಳಿಸುವುದಕ್ಕೆ ಒಂದು ವರ್ಷ ಮೊದಲು, ನನಗೆ ಜ್ವರ ಬಂದಿತ್ತು. ಸಾಮಾನ್ಯ ಶೀತಜ್ವರ. ಎದ್ದು ಬಂದು ಅಕ್ಕಿ ಬೇಯಿಸುವ ಹಂಡೆಯ ಹತ್ತಿರ ನಿಂತೆ. ಮುಚ್ಚಳ ತೆಗೆದರು, ಹಬೆ ಮುಖಕ್ಕೆ ಹೊಡೆಯಿತು, ಬಿಸಿ ಗೊತ್ತಾಯಿತು, ಅನ್ನದ ವಾಸನೆ ಬರಲಿಲ್ಲ. ಬೆಂಕಿ ಹತ್ತಿಲ್ಲವೇನೋ ಎಂದು ಬಗ್ಗಿ ನೋಡಿದೆ, ಅಷ್ಟು ಪೆದ್ದಿ. ನಾರಾಕ್ಕೆ ಆಗಲೇ ಹೋಗಿಬಂದೆ. ಡಾಕ್ಟರು ಒಳ್ಳೆಯವರು. "ನರ ಹೋಗಿದೆಯಮ್ಮ. ಬಂದ್ರೆ ಬರಬಹುದು, ಬರದೇನೂ ಇರಬಹುದು. ನಮ್ ಕೈಲಿ ಏನೂ ಇಲ್ಲ" ಎಂದರು. ಮುಂದಿನ ತಿಂಗಳು ಸುಗಿ ಪರಾಗ ಹಾರಿತು. ಫೆಬ್ರವರಿಯಲ್ಲಿ ಮೂಗು ಕಟ್ಟಿದೆ ಎಂದರೆ ಈ ದೇಶದಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ನಾನೂ ಅದನ್ನೇ ಹೇಳಿದೆ. ಹೇಳಿ ಹೇಳಿ ನಾನೇ ಅರ್ಧ ನಂಬಿದೆ. ಅದಕ್ಕೇ ನಿನ್ನ ಹತ್ತಿರ ಹನಿ ಬೇಡಿದ್ದು. ಪರಾಗವೇ ಇರಬಹುದು, ಡಾಕ್ಟರೇ ತಪ್ಪಿರಬಹುದು ಎಂದು.

ಹಾಕಿಕೊಂಡೆ. ಉಪಯೋಗವಾಯಿತು ಎಂದು ಬರೆದದ್ದು ಸುಳ್ಳು. ಏನೂ ಆಗಲಿಲ್ಲ, ಕೆಡುಕೂ ಇಲ್ಲ, ಒಳಿತೂ ಇಲ್ಲ. ಕೆಡಲು ಅಲ್ಲಿ ಏನಿತ್ತು?

ನಿನ್ನನ್ನು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತೀ. ಅದಕ್ಕೇ ಹೇಳಬಾರದು ಅಂದುಕೊಂಡಿದ್ದನ್ನು ಹೇಳುತ್ತೇನೆ. ನಿಮ್ಮ ಇಗಾರಾಶಿಯವರು ಕುಡಿದ ಬಾಟಲಿ ಡಿಸೆಂಬರಿನಲ್ಲಿ ಹಿಂಡಿದ್ದು, ನಿನ್ನ ಶೀಶೆ ಬರುವುದಕ್ಕೆ ಮುಂಚೆ. ಅದು ನೀರಿನ ಹಾಗಿತ್ತು, ಏಕೆಂದರೆ ನಾನು ಅದಕ್ಕೆ ಇದ್ದಿಲು ಸುರಿದಿದ್ದೆ. ಯಾವ ವಾಸನೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನನಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಎಲ್ಲವನ್ನೂ ತೆಗೆಸಿಬಿಟ್ಟೆ. ಮೊದಲು ಚಿಟಿಕೆ, ಆಮೇಲೆ ಬೊಗಸೆ, ಆಮೇಲೆ ಚೀಲ. ಕೆಟ್ಟಿದ್ದರೆ ಹೋಗಲಿ, ಚೆನ್ನಾಗಿದ್ದರೂ ಹೋಗಲಿ ಎಂದು. ಕರ್ಬೂಜದ ವಾಸನೆ ಎಂದು ನಿನಗೆ ಬರೆದದ್ದು ಅಪ್ಪನ ಕಾಲದ ನೆನಪಿನಿಂದ. ನೀರಿನ ಹಾಗಿದೆ ಎಂದು ನೀನು ಸಂಭ್ರಮದಿಂದ ಬರೆದ ಪತ್ರ ಬಂದ ದಿನ ನಾನು ಊಟ ಮಾಡಲಿಲ್ಲ.

ಮೊರಿಯೊ ತಾತನಿಗೆ ಗೊತ್ತು. ಕಲಸಿದ್ದೇ ಅವರು. ಸಿಗರೇಟು ಸೇದಿ ಸೇದಿ ಅವರ ಮೂಗು ಎಂದೋ ಸತ್ತಿದೆ, ಇಲ್ಲದಿದ್ದರೆ ಅವರನ್ನೇ ಮೂಸಲು ಬಿಡುತ್ತಿದ್ದೆ. ಒಂದು ದಿನ ಚೀಲ ಬಿಚ್ಚುತ್ತ, "ನಿಮ್ಮಪ್ಪ ಇದ್ದಿದ್ರೆ ನನ್ ಎರಡೂ ಕೈ ಕಡಿದು ಹಾಕ್ತಿದ್ರು ತಾಯಿ" ಎಂದರು. ಅಷ್ಟೇ. ಚೀಲ ಸುರಿದು ಕಲಸಿದರು.

ಒಸಾಕಾದವರು ಬಂದು ಹೋದರು. ಇನ್ನೊಂದು ವರ್ಷ ನೋಡುತ್ತಾರಂತೆ. "ನಿಮ್ಮಪ್ಪನ ಮದ್ಯ ನಾಕು ಮನೆ ಆಚೆ ಕುಡಿದ್ರೂ ಗೊತ್ತಾಗ್ತಿತ್ತು. ಇದು ಬಾಯೊಳಗಿದ್ರೂ ಗೊತ್ತಾಗಲ್ಲ. ಮುಂದಿನ ಸಲದ್ದೂ ಹೀಗೇ ಆದ್ರೆ ನಮ್ಮನ್ನ ಬಿಟ್ಬಿಡಿ" ಎಂದು ಕೈ ಮುಗಿದರು. ಅವರು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಆಮೇಲೆ ಬಾಗಿಲು ಹಾಕಬೇಕು.

ಇಲಿಗಳ ಪಾಪ ನಿನ್ನದಿರಬಹುದು. ನನ್ನ ಮೂಗಿನದ್ದಲ್ಲ. ಇನ್ನು ನೆಮ್ಮದಿಯಾಗಿ ಮಲಗು.

ಅಕ್ಕ


ಸಪ್ಪೊರೊ,
ಅಕ್ಟೋಬರ್ ೫, ೨೦೧೪

ಅಕ್ಕ,

ನಿನ್ನ ಪತ್ರ ಓದಿದ ಕೂಡಲೇ ನನಗೆ ಆದದ್ದು ಸಮಾಧಾನ. ನನ್ನಿಂದ ಆದದ್ದಲ್ಲವಲ್ಲ ಎಂದು. ನೀನು ಕುರುಡಿಯ ಹಾಗೆ ತಡಕಾಡುತ್ತಿದ್ದೀ ಎಂಬುದು ಆಮೇಲೆ ಹೊಳೆಯಿತು. ಅದಕ್ಕೆ ನನಗೆ ನಾಚಿಕೆಯಾಗಿದೆ, ಉತ್ತರ ತಡವಾದದ್ದೂ ಅದಕ್ಕೇ.

ಮೂಗಿನ ನರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಎಲ್ಲೂ ಇಲ್ಲ. ನಾನು ಕಲಿತದ್ದು ಇರುವುದನ್ನು ಹಿಡಿಯುವ ವಿದ್ಯೆ. ಇಲ್ಲದ್ದನ್ನು ತರುವುದು ನನಗೆ ಗೊತ್ತಿಲ್ಲ. ಇಗಾರಾಶಿಯವರು ಹನಿಯ ಕೆಲಸ ನಿಲ್ಲಿಸಿದ್ದಾರೆ, ಬಟ್ಟೆಯದ್ದು ನಡೆಯುತ್ತದೆ. ಶೀಶೆ ಕಳಿಸಿದ್ದನ್ನೂ ಅವರಿಗೆ ಹೇಳಿದೆ, ನೀನು ಬೇಡವೆಂದರೂ. ಕೆಲಸದಿಂದ ತೆಗೆಯಲಿಲ್ಲ, ಒಂದು ವಾರ ಇಲಿ ಕೋಣೆಗೆ ಬಿಡಲಿಲ್ಲ. ಆಮೇಲೆ, "ಅಕ್ಕ ಹೇಗಿದಾರೆ?" ಎಂದು ಮಾತ್ರ ಕೇಳಿದರು.

ಮಾರ್ಚಿಯಲ್ಲಿ ನಾನು ಬರುತ್ತೇನೆ. ಅಪ್ಪನ ಮೂಗು ನಿನಗೆ ಮಾತ್ರ ಬಂದದ್ದಲ್ಲ, ಪರಾಗ ಇಲ್ಲದಾಗ ನನ್ನದೂ ಚುರುಕೇ. ಚಿಕ್ಕಂದಿನಲ್ಲಿ ಕೆಟ್ಟ ತೊಟ್ಟಿಯನ್ನು ನಿನಗಿಂತ ಮೊದಲು ಗುರುತಿಸಿದ್ದು ಎಷ್ಟು ಸಲ! ನಮ್ಮ ಬಟ್ಟೆಯ ಮಾಸ್ಕ್ ಹಾಕಿಕೊಂಡೇ ರೈಲಿಳಿದು, ಹಾಕಿಕೊಂಡೇ ಹಿಂಡುವ ಕೋಣೆಯೊಳಗೆ ಬಂದು, ಬಾಗಿಲು ಮುಚ್ಚಿದ ಮೇಲೆ ತೆಗೆಯುತ್ತೇನೆ. ನಾಲ್ಕು ಉಸಿರಾದರೂ ಸಿಗುತ್ತದೆ. ಅಷ್ಟು ಸಾಕು.

ಕುನಿ


ಯೊಶಿನೊ,
ಫೆಬ್ರವರಿ ೧೬, ೨೦೧೫

ಕುನಿ,

ಬರಬೇಡ ಎಂದು ಬರೆದು ಹರಿದು ಹಾಕಿದೆ. ಇಪ್ಪತ್ತು ವರ್ಷದಲ್ಲಿ ಈ ಕಾಲದಲ್ಲಿ ನೀನು ಊರು ನೋಡಿದ್ದು ಒಂದೇ ಸಲ. ಅಪ್ಪನ ಶವಸಂಸ್ಕಾರಕ್ಕೆ ಬಂದ ಆ ದಿನ ಕಣ್ಣು ಬಾವು ಬಂದು ಅಪ್ಪನ ಮುಖವೇ ಕಾಣಲಿಲ್ಲ ಎಂದಿದ್ದೆ.

ಆದರೂ ಬಾ. ದೊಡ್ಡ ತೊಟ್ಟಿಯನ್ನು ಮಾರ್ಚಿ ೬ಕ್ಕೆ ಹಿಂಡುತ್ತೇವೆ. ಈ ಸಲ ಕಿವಿಯಿಂದಲೇ ಮಾಡಿದ್ದೇನೆ, ಗುಳ್ಳೆಗಳ ಸದ್ದು ಕೇಳಿ. ಹೇಗೆ ಬಂದಿದೆಯೋ ದೇವರಿಗೇ ಗೊತ್ತು. ಇದ್ದಿಲ ಚೀಲ ತರಿಸಿ ಮೂಲೆಯಲ್ಲಿ ಇಟ್ಟಿದ್ದೇನೆ, ಬಿಚ್ಚಿಲ್ಲ. ನೀನು ಮೂಸಿ ಸರಿ ಎಂದರೆ ಹಾಗೇ ಬಾಟಲಿಗೆ ಹೋಗುತ್ತದೆ. ಇಲ್ಲ ಎಂದರೆ ಚೀಲ ಬಿಚ್ಚುತ್ತೇವೆ, ಒಸಾಕಾದವರಿಗೆ ನಾನೇ ಕೈ ಮುಗಿಯುತ್ತೇನೆ. ನನ್ನ ಮುಖ ನೋಡಿ ಹೇಳಬೇಡ. ಇದ್ದದ್ದನ್ನು ಹೇಳು.

ಅಕ್ಕ


ಸಪ್ಪೊರೊ,
ಮಾರ್ಚಿ ೧೦, ೨೦೧೫

ಅಕ್ಕ,

ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ರೈಲಿನಲ್ಲಿ ಮಾಸ್ಕ್ ಚೆನ್ನಾಗಿಯೇ ಕೆಲಸ ಮಾಡಿತು. ಒಸಾಕಾದಿಂದ ಯೊಶಿನೊವರೆಗೆ ಬೋಗಿಯ ತುಂಬ ಸೀನುವವರು, ನಾನೊಬ್ಬ ರಾಜನ ಹಾಗೆ ಕೂತಿದ್ದೆ. ನಿಲ್ದಾಣದಿಂದ ಗುಡ್ಡ ಹತ್ತುವಾಗಲೂ ಉಸಿರು ಸರಾಗ. ಇಷ್ಟು ವರ್ಷದ ಕೆಲಸ ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟುಕೊಂಡು ಬಂದೆ. ನಮ್ಮ ಬಾಗಿಲಲ್ಲಿ ಮೊರಿಯೊ ತಾತ ನಿಂತಿದ್ದರು. "ಇಷ್ಟು ವರ್ಷ ಆದ್ಮೇಲೆ ಬರ್ತೀಯ, ಮುಖಾನೂ ತೋರಿಸ್ದೆ ಒಳಗ್ ಹೋಗ್ತೀಯೇನೋ ಕಳ್ಳ!" ಎಂದು ಎರಡೂ ಕೈಯಲ್ಲಿ ಮಾಸ್ಕನ್ನು ಕೆಳಗೆಳೆದು ನನ್ನ ಕೆನ್ನೆ ಹಿಡಿದರು. ಅವರು ಅಳುತ್ತಿದ್ದರು ಅಕ್ಕ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಆಗಲೇ ಗುಡ್ಡದ ಕಡೆಯಿಂದ ಗಾಳಿ ಬೀಸಿತು.

ಅಂಗಳ ದಾಟುವಷ್ಟರಲ್ಲಿ ಮೂಗು ಕಲ್ಲಾಗಿತ್ತು. ನೀನು 'ಸುಸ್ತಾಯ್ತಾ?' ಅಂದೆ, ಬಟ್ಟಲು ಕೊಟ್ಟೆ. ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಇನ್ನೊಮ್ಮೆ ಹಿಡಿದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಒಂದು ಕ್ಷಣ ಕೊಡು ಎನ್ನಬಹುದಿತ್ತು, ನಾಳೆ ನೋಡೋಣ ಎನ್ನಬಹುದಿತ್ತು. "ಕರ್ಬೂಜದ ವಾಸನೆ, ತುಂಬಾ ಚೆನ್ನಾಗಿದೆ" ಎಂದುಬಿಟ್ಟೆ ನಾನು. ನೀನು ತಿರುಗಿ, "ತಾತಾ, ಚೀಲ ವಾಪಸ್ ಕಳಿಸಿ. ಹಾಗೇ ತುಂಬಿಸಿ" ಎಂದೆ. ನಿನ್ನ ದನಿಯಲ್ಲಿ ಅಂಥ ಸಂತೋಷವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆಮೇಲೆ ಹೇಗೆ ಬಾಯಿ ಬಿಡಲಿ?

ಅದು ಚೆನ್ನಾಗಿದೆಯೋ ಕೊಳೆತಿದೆಯೋ ನನಗೆ ಗೊತ್ತಿಲ್ಲ. ಬಾಟಲಿಗಳು ಇನ್ನೂ ಮನೆಯಲ್ಲೇ ಇದ್ದರೆ ನಿಲ್ಲಿಸು. ಬೇರೆ ಯಾರಿಂದಲಾದರೂ ಮೂಸಿಸು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಕುನಿ


ಯೊಶಿನೊ,
ಮಾರ್ಚಿ ೧೪, ೨೦೧೫

ಕುನಿ,

ನನಗೆ ಗೊತ್ತಿತ್ತು.

ಮೂಗು ಹೋದವಳಿಗೆ ಕಿವಿಯೂ ಹೋಗಿದೆ ಎಂದುಕೊಂಡೆಯಾ? ನೀನು ಬಾಯಲ್ಲಿ ಉಸಿರಾಡುತ್ತಿದ್ದೆ. ನೀನು ಹೇಳಿದ್ದು 'ಕರ್ಬೂಜದ ವಾಸನೆ, ತುಂಬಾ ಚೆನ್ನಾಗಿದೆ' ಅಲ್ಲ. 'ಕರ್ಬೂಜದ ವಾಸದೆ, ತುಂಬಾ ಚೆದ್ದಾಗಿದೆ' ಎಂದೆ. ಚಿಕ್ಕಂದಿನಲ್ಲಿ ಮಾರ್ಚಿ ಬಂತೆಂದರೆ ಹೀಗೇ ಮಾತಾಡುತ್ತಿದ್ದೆ, ನಾನು ಅಣಕಿಸುತ್ತಿದ್ದೆ. ಮೊರಿಯೊ ತಾತನಿಗೂ ತಿಳಿಯಿತು. ಚೀಲ ಎತ್ತಿಕೊಂಡು ನನ್ನ ಮುಖ ನೋಡಿದರು, ನಾನು ಹೋಗಿ ಎಂದು ಕಣ್ಣಲ್ಲೇ ಹೇಳಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷ ಯಾರೂ ನನ್ನ ಮದ್ಯಕ್ಕೆ ವಾಸನೆ ಇದೆ ಎಂದು ಹೇಳಿರಲಿಲ್ಲ. ಸುಳ್ಳಾದರೂ ಒಬ್ಬರ ಬಾಯಲ್ಲಿ ಕೇಳಬೇಕಿತ್ತು. ಕೇಳಿದೆ, ಅಷ್ಟರಿಂದಲೇ ಮನಸ್ಸು ತುಂಬಿಬಂತು. ಇನ್ನೊಂದು ಸಲ ಇದ್ದಿಲು ಕಲಸಲು ನನ್ನಿಂದ ಆಗುತ್ತಿರಲಿಲ್ಲ.

ನಿಲ್ಲಿಸು ಎಂದು ಬರೆದಿದ್ದೀ. ಬಾಟಲಿಗಳು ಸೋಮವಾರವೇ ಒಸಾಕಾಕ್ಕೆ ಹೊರಟುಹೋದವು. ಅದು ಹೇಗಿದೆ ಎಂದು ಈ ವಾರ ಗೊತ್ತಾಗುತ್ತದೆ. ನಮ್ಮಿಬ್ಬರಿಗಲ್ಲ, ಬೇರೆಯವರಿಗೆ.

ಅಕ್ಕ